ರಾಷ್ಟ್ರೀಯ ದಿನ ಕದಲಿದ್ದಕ್ಕೆ ಹೆಣ್ಣಿನ ತಂದೆಯ ತಕರಾರು

ಗಲ್ಫ್ ದೇಶದಲ್ಲಿ ರಜೆ ಘೋಷಿಸುವ ಮಾನ್ಯ ಅಧಿಕಾರಿಗಳೇ,

ನೀವು ನಿಮ್ಮ ರಾಷ್ಟ್ರೀಯ ದಿನದ ರಜೆಯನ್ನು ಎತ್ತಿ ರಂಜಾನ್ ರಜೆಗೆ ಸೇರಿಸಿದ್ದರಿಂದ ಗುಬ್ಬಿಯಲ್ಲಿ ನನ್ನ ಮಗಳು ಪ್ರೇಮಲತಾಳ ಮದುವೆ ನಿಲ್ಲುವ ಹಾಗಾಗಿದೆ. ನಿಮಗೆ ಕನ್ನಡ ಬರುವುದಿಲ್ಲ, ಇದನ್ನು ಅಚ್ಚು ಹಾಕುವ ನಮ್ಮೂರ ಪತ್ರಿಕೆ ಕುಣಿಗಲ್ ದಾಟುವುದಿಲ್ಲ, ಎರಡೂ ಗೊತ್ತು. ಆದರೆ ನಿಮ್ಮ ಆದೇಶ ಸಮುದ್ರ ದಾಟಿ ನಮ್ಮ ನಡುಮನೆಗೇ ಬಂದು ಕೂತಿದೆಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾವೇನು ಹಿಂದೆ ಮುಂದೆ ನೋಡದೆ ದಿನ ಇಟ್ಟವರಲ್ಲ. ಭಾವಿ ಅಳಿಯ ಗಂಗಾಧರ್ ನಿಮ್ಮಲ್ಲಿ ಎ.ಸಿ. ಮೆಕ್ಯಾನಿಕ್. ಸರ್ಕಾರಿ ರಜೆ ಬಿಟ್ಟರೆ ಕಂಪನಿ ಅವನನ್ನು ಊರಿಗೆ ಕಳಿಸುವುದಿಲ್ಲ. ಮೊದಲು ರಂಜಾನ್ ರಜೆಯನ್ನೇ ನೋಡಿದೆವು. ಮದುವೆ ರವಿಕೆ ಹೊಲಿಯುವ ಟೈಲರ್ ಪ್ಯಾರೂ ಸಾಬರು ಬೈದರು: "ಹಬ್ಬ ನಂಬ್ಕೊಂಡು ಛತ್ರ ಬುಕ್ ಮಾಡ್ಬೇಡಿ ರಂಗಣ್ಣ. ಚಂದ್ರ ಕಾಣೋವರ್ಗೂ ನಮಗೇ ಗೊತ್ತಿರಲ್ಲ." ನಾವು ಮಹಾ ಬುದ್ಧಿವಂತರು, ರಾಷ್ಟ್ರೀಯ ದಿನ ಹಿಡಿದೆವು. ಆಗಸ್ಟ್ ಹದಿನೈದು ಎಂದಾದರೂ ಇಪ್ಪತ್ತಮೂರಕ್ಕೆ ಹೋಗಿದ್ದುಂಟೇ? ಭಾನುವಾರ ಬಿದ್ದರೂ ಅವತ್ತೇ ಬಾವುಟ ಹಾರಿಸಿ ಬೂಂದಿ ತಿನ್ನುವ ಜನ ನಾವು. ದೇಶದ ದಿನವನ್ನೂ ಅನುಕೂಲ ನೋಡಿ ಮುಂದೂಡಬಹುದೆಂದು ನಮ್ಮ ಪುರೋಹಿತರಿಗೂ ಹೊಳೆಯಲಿಲ್ಲ.

ಮೊನ್ನೆ ಗಂಗಾಧರ್ ಫೋನ್ ಮಾಡಿದ.

"ಮಾವ, ರಜಾ ಮುಂದಕ್ಕೋಯ್ತು. ಹಬ್ಬಕ್ಕೆ ಸೇರಿಸವ್ರೆ."

"ಹಬ್ಬ ಯಾವತ್ತಪ್ಪಾ?"

"ಅದು... ಚಂದ್ರ ಕಂಡ್ಮೇಲೆ ಹೇಳ್ತಾರಂತೆ."

ಅಯ್ಯೋ ರಾಮಾ! ಯಾವ ಚಂದ್ರನಿಂದ ತಪ್ಪಿಸಿಕೊಂಡೆವೋ ಅವನ ಕೈಗೇ ನಮ್ಮನ್ನು ಒಪ್ಪಿಸಿಬಿಟ್ಟಿರಿ.

ಮುಹೂರ್ತ ಬರುವ ಭಾನುವಾರ, ನಿಮ್ಮ ಹಳೇ ರಜೆಯ ಲೆಕ್ಕಕ್ಕೇ ಇಟ್ಟಿದ್ದು. ತಪ್ಪಿದರೆ ಈ ಜೋಡಿಗೆ ಕೂಡಿಬರುವುದು ಸಂಕ್ರಾಂತಿ ಕಳೆದ ಮೇಲೆ. ಆಗ ಬಕ್ರೀದ್ ರಜೆ, ಮತ್ತೆ ಅದೇ ಚಂದ್ರ. ಅಷ್ಟರಲ್ಲಿ ಗುಬ್ಬಿಯಲ್ಲಿ ಯಾರಾದರೂ "ಪಾಪ, ರಜಾ ಮುಂದಕ್ಕೋಯ್ತಂತೆ" ಅನ್ನುತ್ತಾರೆಯೇ? "ದೊಡ್ಡರಂಗಯ್ಯನ ಮಗ್ಳ ಮದ್ವೆ ನಿಂತೋಯ್ತಂತೆ ಕಣೋ, ಹುಡ್ಗೀದು ಏನಿತ್ತೋ ಏನೋ" ಅನ್ನುತ್ತಾರೆ. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಮಗಳು ಆಗಲೇ ಬೀದಿ ನಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾಳೆ. ಕೇಳಿದರೆ "ನೀರೈತೆ ಬುಡಪ್ಪ" ಅನ್ನುತ್ತಾಳೆ. ಹಂಡೆ ಖಾಲಿಯಿದೆ.

ಆದ್ದರಿಂದ ನಿಮ್ಮ ಇಡೀ ದೇಶ ಆ ವಾರ ದುಡಿಯಲಿ, ನನ್ನ ಅಭ್ಯಂತರವಿಲ್ಲ. ಗಂಗಾಧರ್ ಒಬ್ಬನಿಗೆ ರಾಷ್ಟ್ರೀಯ ದಿನ ಹಳೇ ತಾರೀಖಿಗೇ ಇರಲಿ. ಆಗುವುದಿಲ್ಲವೋ, ತಾವೇ ದಯಮಾಡಿಸಿ. ಭಾನುವಾರ ಬೆಳಗ್ಗೆ ಛತ್ರದ ಬಾಗಿಲಲ್ಲಿ ನಿಂತು, ಬಂದ ಒಬ್ಬೊಬ್ಬರಿಗೂ ಕೈಮುಗಿದು, ಹುಡುಗಿಯದು ಏನೂ ತಪ್ಪಿಲ್ಲ ಎಂದು ಹೇಳಬೇಕು.

ಇಂತಿ,
ಲಗ್ನಪತ್ರಿಕೆ ಹಂಚಿ ಮುಗಿಸಿರುವ, ಇನ್ನೂ ಮಾವನಾಗದ
ದೊಡ್ಡರಂಗಯ್ಯ
ಗುಬ್ಬಿ, ನವೆಂಬರ್ 2003