ಜೋಳದ ಲೋಟಕ್ಕೆ ಬಿಸಿನೀರು

ಸಿಪಿಂಗ್, ಚೀನಾ, ಮಂಗಳವಾರ

ಅಕ್ಕಾ, ನೀನೂ ಭಾವನೂ ಚೆನ್ನಾಗಿದ್ದೀರಷ್ಟೆ?

ನಾನು ಸೇರಿರುವ ಕಾರ್ಖಾನೆಯಲ್ಲಿ ನಮ್ಮೂರ ಮೆಕ್ಕೆಜೋಳದಿಂದಲೇ ಪ್ಲಾಸ್ಟಿಕ್ ಲೋಟ ಮಾಡುತ್ತಾರೆ. ಎಸೆದರೆ ಮಣ್ಣಾಗುತ್ತದಂತೆ. ನಿನ್ನೆ ಅದನ್ನು ನೋಡಲು ಪ್ರಾಂತದ ದೊಡ್ಡ ಅಧಿಕಾರಿ ಬಂದಿದ್ದರು. ಮ್ಯಾನೇಜರ್ ತೋಂಗ್ ಆ ಲೋಟದಲ್ಲೇ ಹಣ್ಣಿನ ರಸ ಕೊಡಿಸಿದರೆ ಅವರು ಮುಖ ಸಿಂಡರಿಸಿ, “ಈ ಚಳೀಲಿ ತಣ್ಣಗಿರೋದು ಯಾರ್ರೀ ಕುಡೀತಾರೆ? ಬಿಸಿನೀರು ತನ್ನಿ” ಅಂದರು. ಚಹಾ ಕೊಡುವ ಲ್ವಾನ್ ಚಿಕ್ಕಮ್ಮ ಎಂದಿನಂತೆ ಕುದಿಯುವ ನೀರನ್ನೇ ಅಂಥದ್ದೇ ಇನ್ನೊಂದು ಲೋಟಕ್ಕೆ ಹೊಯ್ದು ಕೈಗಿತ್ತರು. ಲೋಟ ಮೆತ್ತಗಾಗಿ, ಸೊಂಟ ಬಗ್ಗಿಸಿ, ಅಧಿಕಾರಿಯ ತೊಡೆಯ ಮೇಲೇ ಅಡ್ಡಬಿತ್ತು.

ಅವರು “ಅಯ್ಯಯ್ಯಪ್ಪಾ!” ಎಂದು ಎಗರಿದರೆ ತೋಂಗ್ ಚಪ್ಪಾಳೆ ತಟ್ಟಿ, “ನೋಡಿದ್ರಾ ಸ್ವಾಮಿ, ಆಗ್ಲೇ ಮಣ್ಣಾಗೋಕೆ ಶುರು ಮಾಡ್ತು!” ಅಂದರು. ನಾವೂ ತಟ್ಟಿದೆವು, ಇನ್ನೇನು ಮಾಡುವುದು? ಅಧಿಕಾರಿ ಒದ್ದೆ ಪ್ಯಾಂಟಿನಲ್ಲೇ ನಿಂತು, ಇನ್ನು ಎಲ್ಲ ಶಾಲೆಗಳಿಗೂ ಇದೇ ಲೋಟ ಎಂದು ಘೋಷಿಸಿದರು.

“ಮಕ್ಕಳು ಬಿಸಿನೀರು ಕೇಳಿದ್ರೆ?” ಅಂದರು ಚಿಕ್ಕಮ್ಮ.

“ತೆಪ್ಪಗೆ ಚಪ್ಪಾಳೆ ತಟ್ಟಮ್ಮ!” ಅಂದರು ತೋಂಗ್.

ನನ್ನ ಕೆಮ್ಮು ವಾಸಿಯಾಗಿದೆ. ಈ ಅಂಚೆ ಕಾರ್ಡಿನಲ್ಲಿ ಇನ್ನು ಹೆಚ್ಚು ಜಾಗವಿಲ್ಲ. ಇತ್ತ ಬರುವವರ ಕೈಯಲ್ಲಿ ನನ್ನ ಹಳೇ ತಗಡಿನ ಲೋಟ ಕಳಿಸು. ಭಾವನ ಲೋಟವೂ ಇರಲಿ, ತೋಂಗ್ ಸಾಹೇಬರು ಗುಟ್ಟಾಗಿ ತಮಗೂ ಒಂದು ಕೇಳಿದ್ದಾರೆ.

ತಂಗಿ ಗ್ವಿಲಾನ್