ವರ್ಷ ತುಂಬದ ಮನೆಯ ಹಪ್ಪಳ

ಅಮ್ಮಾ,

ನಿನ್ನ ಸಿಂಧಿ ಅಕ್ಷರ ನನಗೆ ಬರಲಿಲ್ಲ, ಈ ಕನ್ನಡ ಅಕ್ಷರ ನಿನಗೆ ಬರಲಿಲ್ಲ. ನೀನು ಬದುಕಿದ್ದಾಗ ಬರೆದಿದ್ದರೂ ಓದುತ್ತಿರಲಿಲ್ಲ. ಈಗ ಬರೆಯಲು ಧೈರ್ಯ ಬಂದಿರುವುದೂ ಬಹುಶಃ ಅದಕ್ಕೇ.

ನಿರಾಶ್ರಿತರ ಶಿಬಿರ ಬಿಟ್ಟು ವಿಜಾಪುರಕ್ಕೆ ಬಂದ ಮೊದಲ ವಾರ ನೆನಪಿದೆಯೇ? ಸ್ಟೇಷನ್ ರಸ್ತೆಯ ಹಿಂದಿನ ಓಣಿಯ ನಮ್ಮ ಒಂದೇ ಕೋಣೆಗೆ ಎದುರುಮನೆಯ ಗಂಗವ್ವ ಬಂದಳು. ಮನೆಗೆ ಬಂದವರಿಗೆ ಇಲ್ಲಿ ಬೆಲ್ಲ, ನೀರು ಕೊಡುತ್ತಾರೆ. ನೀನು ನಮ್ಮವರ ಪದ್ಧತಿಯಂತೆ ಸುಟ್ಟ ಹಪ್ಪಳ, ನೀರು ಕೊಟ್ಟೆ. ಊಟವಿಲ್ಲದೆ ಬರೀ ಹಪ್ಪಳವೇ ಎಂದು ಅವಳು ನಕ್ಕಳು. ತಿಂದು, ಮೆಣಸಿನ ಖಾರಕ್ಕೆ ಕಣ್ಣೊರೆಸಿಕೊಂಡು ಇನ್ನೊಂದು ಕೇಳಿದಳು. ನಿನ್ನ ವ್ಯಾಪಾರ ಶುರುವಾದದ್ದು ಹಾಗೆ. ಮರುವರ್ಷ ತಿಕೋಟಾದ ಅವಳ ತವರಿನ ಮದುವೆಗೂ ನಿನ್ನ ಹಪ್ಪಳವೇ ಹೋಯಿತು.

ಬಾಬಾ ತೀರಿಕೊಂಡ ಹದಿನೈದನೇ ದಿನ ನೀನು ಮತ್ತೆ ಉದ್ದಿನ ಹಿಟ್ಟು ನಾದಿದೆ. ಅಳುತ್ತ ಕೂತರೆ ಒಲೆ ಉರಿಯುತ್ತದೆಯೇ ಎಂದೆ. ಅಂಗಳದ ಹೊರಸಿನ ಮೇಲೆ ಹಪ್ಪಳ ಒಣಗುತ್ತಿದ್ದರೆ ಓಣಿಯ ಹೆಂಗಸರು ನೋಡಿ ಸುಮ್ಮನೆ ಹೋಗುತ್ತಿದ್ದರು. ಮಾರಲು ಹೋದ ನೀನು ತುಂಬಿದ ಬುಟ್ಟಿಯನ್ನೇ ಹೊತ್ತು ತರುತ್ತಿದ್ದೆ. ಗಂಡನಿಲ್ಲದ ಪರದೇಶಿ ಇವರಿಗೆ ಬೇಡವಾದಳು ಎಂದು ನೀನೇ ತೀರ್ಮಾನಿಸಿಬಿಟ್ಟೆ.

ನನಗೆ ಕಾರಣ ಗೊತ್ತಿತ್ತು, ಅಮ್ಮಾ. ಗಂಗವ್ವನ ಮಗಳು ಶಾಲೆಯಲ್ಲಿ ಹೇಳಿದ್ದಳು.

"ಸಾವಾದ ಮನ್ಯಾಗ ವರ್ಷ ತುಂಬೂತನಾ ಹಪ್ಪಳ ಹಾಕೂದಿಲ್ಲ, ಶಾವಿಗಿ ಮಾಡೂದಿಲ್ಲ. ನಿಮ್ಮವ್ವಗ ಹೇಳಬೇ."

ಆಗ ನನಗೆ ಹದಿಮೂರು. ಹೇಳಿದರೆ ಲಟ್ಟಣಿಗೆ ಕೆಳಗಿಟ್ಟು, ಮಾಮಾ ಇರುವ ಶಿಬಿರಕ್ಕೇ ವಾಪಸು ಹೋಗೋಣ ಎನ್ನುತ್ತೀಯೆಂದು ಹೆದರಿದೆ. ಗೋಣಿತಟ್ಟಿನ ಆಚೆ ಇನ್ನೊಬ್ಬರ ಸಂಸಾರ ಕೆಮ್ಮುವ ಆ ಬದುಕು ನನಗೆ ಸಾಕಾಗಿತ್ತು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಸ್ಟೇಷನ್ ಎದುರಿನ ಖಾನಾವಳಿಯವನು ಯಾರ ಮನೆಯದೆಂದು ಕೇಳದೆ ಹಪ್ಪಳ ಕೊಳ್ಳುತ್ತಿದ್ದ, ಹೇಗೋ ಉಳಿದೆವು.

ವರ್ಷ ತುಂಬಿದ್ದೇ ಓಣಿಯವರು ತಾವಾಗಿ ಬಂದರು. ನೀನು ಹಪ್ಪಳ ಕೊಟ್ಟೆ, ಮಾತು ಕೊಡಲಿಲ್ಲ. ಗಂಗವ್ವನನ್ನು ಮತ್ತೆಂದೂ ಒಳಗೆ ಕರೆಯಲಿಲ್ಲ. ಹತ್ತು ವರ್ಷ ಬಾಗಿಲಿಗೆ ಬೆನ್ನು ಮಾಡಿ ಲಟ್ಟಿಸಿದೆ. ಆಗಲಾದರೂ ನಾನು ಹೇಳಬಹುದಿತ್ತಲ್ಲವೇ? ಎಷ್ಟು ಸಲ ಬಾಯಿ ತೆರೆದೆನೋ, ನಿನ್ನ ಬೆನ್ನು ನೋಡಿ...

ನೀನು ಹೋದ ಮೇಲೆ ನಾನು ಹಪ್ಪಳ ಹಾಕಿಲ್ಲ. ನಿನ್ನೆ ಬಬಲೇಶ್ವರದಿಂದ ಮದುವೆಗೆ ಹಪ್ಪಳ ಹೇಳಲು ಬಂದವರಿಗೆ, ನಮ್ಮ ಮನೆಯಲ್ಲಿ ಇನ್ನೂ ವರ್ಷ ತುಂಬಿಲ್ಲ ಎಂದು ಹೇಳಿ ಕಳಿಸಿದೆ. ಅದನ್ನು ಕೇಳಿಸಿಕೊಂಡ ಗಂಗವ್ವ ತಾನೇ ಬಂದು ನೀನು ಲಟ್ಟಿಸುತ್ತಿದ್ದ ಮಣೆಯ ಪಕ್ಕ ಕೂತಳು. ಅವಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಮಣೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಗಂಡನ್ನ ಕಳ್ಕೊಂಡಾಕಿಗೆ ನಿಂದು ತಪ್ಪೈತಿ ಅಂತ ಯಾವ ಬಾಯಿಲೆ ಹೇಳೂಣು? ನೀ ಹೇಳಿರ್ತಿ ಅಂದ್ಕೊಂಡಿದ್ದಿವಿ. ಕೇಳಿನೂ ಹಾಕಾಕತ್ತಾಳ, ಮಾತೂ ಬಿಟ್ಟಾಳ. ನಾವ ಆಕಿಗಿ ಬ್ಯಾಡಾಗೇವಿ ಅಂತ ನಾ ದೂರ ಉಳಿದ್ನಿ."

ಎದುರುಬದುರು ಬಾಗಿಲು, ಹತ್ತು ವರ್ಷ. ಈ ಊರು ನಿನ್ನನ್ನು ಬೇಡವೆಂದಿರಲಿಲ್ಲ, ಅಮ್ಮಾ. ನಿನ್ನನ್ನು ಒಂಟಿ ಮಾಡಿದವಳು ನಾನು.