ಅಪ್ಪ ಇಟ್ಟ ಪಾಸ್‌ವರ್ಡ್

ತಿಮಿಶೋಆರಾ, ಮಂಗಳವಾರ

ಪ್ರೀತಿಯ ಒವಿಡಿಯು ಅಣ್ಣನಿಗೆ,

ಅಪ್ಪ ಚೆನ್ನಾಗಿದ್ದಾರೆ, ಗಾಬರಿಯಾಗಬೇಡ. ನೀನು ಬೇಡವೆಂದರೂ ಕಳೆದ ವಾರ ಇಂಟರ್ನೆಟ್ ಕಂಪನಿ ಬದಲಿಸಿದೆ. ಅಪ್ಪನ ಎದೆಬಡಿತವನ್ನು ಆಸ್ಪತ್ರೆಗೆ ಕಳಿಸುವ ಪೆಟ್ಟಿಗೆಗೆ ಹೊಸ ವೈಫೈ ಸಿಗಲೇ ಇಲ್ಲ. ಮೂರು ದಿನ ಕೆಂಪು ದೀಪ ಉರಿಯಿತು, ನನಗೆ ಊಟ ಸೇರಲಿಲ್ಲ.

"ಬಡ್ಕೊಳ್ಳೋದು ನನ್ನ ಎದೆ, ಆ ಪೆಟ್ಟಿಗೆ ಅಲ್ಲ. ಸುಮ್ನಿರೇ" ಎಂದು ಅಪ್ಪ ಗದರಿದರು.

ಕೊನೆಗೆ ಕೆಳಮನೆಯ ಔರಿಕಾ ಅವರನ್ನು ಕರೆತಂದೆ. ಟೆಲಿಫೋನ್ ಕಚೇರಿಯಲ್ಲಿ ದುಡಿದ ಹೆಂಗಸಲ್ಲವೇ. ದ್ರಾಕ್ಷಿ ಬಳ್ಳಿಯ ಜಗಳವಾದ ಮೇಲೆ ಆರು ವರ್ಷದಿಂದ ಅಪ್ಪನೊಡನೆ ಮಾತು ಬಿಟ್ಟಿದ್ದರು.

"ಹೊಸ ರೂಟರ್‌ಗೂ ಹಳೇ ಹೆಸರು, ಹಳೇ ಪಾಸ್‌ವರ್ಡೇ ಕೊಡು ಮಗಳೇ. ಪೆಟ್ಟಿಗೆ ತಾನೇ ಗುರುತು ಹಿಡಿಯುತ್ತೆ" ಎಂದರು.

ಪಾಸ್‌ವರ್ಡ್ ಗೊತ್ತಿದ್ದದ್ದು ಅಪ್ಪನಿಗೆ ಮಾತ್ರ. ಅವರು ಗೋಡೆ ನೋಡುತ್ತ ಪಿಸುಗುಟ್ಟಿದರು: "ಔರಿಕಾ ಕತ್ತೆ."

ಔರಿಕಾ ಅವರು ಕನ್ನಡಕ ಸರಿಮಾಡಿಕೊಂಡು, "ನನ್ನ ಹೆಸರಿಗಾದ್ರೂ ದೊಡ್ಡಕ್ಷರ ಹಾಕಿದ್ದೀರೇನ್ರೀ ಸೆವೆರ್?" ಎಂದು ಕೇಳಿದರು.

"ಹಾಕಿದೀನಿ" ಎಂದರು ಅಪ್ಪ.

ಔರಿಕಾ ಅವರೇ ಒಂದೊಂದಾಗಿ ಅಕ್ಷರ ಒತ್ತಿದರು. ಹಸಿರು ದೀಪ ಹತ್ತಿತು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಎಲ್ಲ ಸರಿಯಾಗಿ ತಲುಪುತ್ತಿದೆಯೆಂದು ಆಸ್ಪತ್ರೆಯವರೂ ಫೋನ್ ಮಾಡಿದರು.

ಈಸ್ಟರ್‌ಗೆ ಬರುವಾಗ ಎರಡು ಪೊಟ್ಟಣ ಕಾಫಿಪುಡಿ ತಾ. ಔರಿಕಾ ಅವರು ಪೆಟ್ಟಿಗೆ ನೋಡುವ ನೆಪದಲ್ಲಿ ದಿನಾ ಬರುತ್ತಾರೆ. ಅಪ್ಪ ಬೆಳಿಗ್ಗೆ ಎಂಟಕ್ಕೇ ಗಡ್ಡ ಹೆರೆದುಕೊಂಡು ಕೂತಿರುತ್ತಾರೆ.

ನಿನ್ನ ತಂಗಿ,
ಲಾವಿನಿಯಾ